ಅಮ್ಮನನ್ನು ಪೂರ್ತಿಯಾಗಿ ನೆನೆಯುವುದು

ಎಲ್ಲರಿಗೂ ನಮಸ್ಕಾರ.

ಅಮ್ಮ ತೀರಿಕೊಂಡು ಮೂರು ವಾರ ಆಗಿತ್ತು. ನೆಂಟರು, ಗೆಳೆಯರು ಸೇರುವ ದಿನ ಓದುವುದಕ್ಕೆ ಅವಳ ಬಗ್ಗೆ ಒಂದು ಪುಟ ಬರೆಯಬೇಕಿತ್ತು. ಮನೆಯಲ್ಲಿ ಬರೆಯುವ ಅಭ್ಯಾಸ ಇರುವವನು ನಾನೇ. ಹಾಗಾಗಿ ಕೂತೆ. ಅರ್ಧ ಗಂಟೆಯೂ ಬೇಕಾಗಲಿಲ್ಲ. ತ್ಯಾಗಮಯಿ ಅಂತ ಬರೆದೆ. ಸಹನೆಗೆ ಇನ್ನೊಂದು ಹೆಸರು ಅಂತ ಬರೆದೆ. ಮಕ್ಕಳಿಗಾಗಿ, ಮೊಮ್ಮಕ್ಕಳಿಗಾಗಿ ಬದುಕನ್ನೇ ತೇಯ್ದಳು ಅಂತ ಬರೆದೆ. ಪುಟ ತುಂಬಿತು. ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚೆನ್ನಾಗಿ ಬರೆದಿದ್ದೀಯ ಕಣೋ. ಆದರೆ ಇದರಲ್ಲಿ ಅಮ್ಮ ಎಲ್ಲಿದ್ದಾಳೆ?" ಅಂದಳು.

ಮತ್ತೆ ಓದಿ ನೋಡಿದೆ. ಅಮ್ಮನ ಹೆಸರಿದ್ದ ಕಡೆ ಬೇರೆ ಯಾರ ಅಮ್ಮನ ಹೆಸರು ಹಾಕಿದರೂ ಪುಟ ಹಾಗೇ ಓದಿಸಿಕೊಂಡು ಹೋಗುತ್ತಿತ್ತು. ಒಂದು ಅಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ. ಅವಳು ಬದುಕಿದ್ದು 91 ವರ್ಷ. ಅದರಲ್ಲಿ 58 ವರ್ಷ ನನ್ನ ಕಣ್ಣೆದುರಿಗೇ ಇದ್ದಳು. ಅಂಥವಳ ಬಗ್ಗೆ ನಾನು ಬರೆದದ್ದು ಯಾರ ಬಗ್ಗೆ ಬೇಕಾದರೂ ಬರೆಯಬಹುದಾದ ಮಾತು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಆ ಪುಟವನ್ನು ಹರಿದು ಹಾಕಿದೆ. ಆಮೇಲೆ ನಾನು ಏನೇನು ಹುಡುಕಿಕೊಂಡು ಹೋದೆ ಅನ್ನೋದನ್ನ ಇವತ್ತು ನಿಮ್ಮ ಮುಂದೆ ಹೇಳಬೇಕು ಅಂತ ಬಂದಿದ್ದೀನಿ.

ತ್ಯಾಗಮಯಿ ಅನ್ನೋದು ಸುಳ್ಳು ಮಾತಲ್ಲ. ಅಮ್ಮ ನಮಗಾಗಿ ಬಿಟ್ಟುಕೊಟ್ಟದ್ದು ಬಹಳ. ಆದರೆ ಆ ಪದ ದೊಡ್ಡ ಹೊದಿಕೆಯಂತೆ. ಮೇಲೆ ಹೊದಿಸಿದರೆ ಕೆಳಗೆ ಯಾರು ಮಲಗಿದ್ದಾರೆ ಅಂತ ಗೊತ್ತಾಗುವುದಿಲ್ಲ. ನನ್ನ ಅಮ್ಮ ಪತ್ರಿಕೆಯನ್ನು ಕೊನೆಯ ಪುಟದಿಂದ ಓದುತ್ತಿದ್ದಳು. ಲೆಕ್ಕ ಹಾಕುವಾಗ ತುಟಿ ಅಲ್ಲಾಡಿಸುತ್ತಿದ್ದಳು. ಯಾರಾದರೂ ನಿದ್ದೆಯಿಂದ ಎಬ್ಬಿಸಿದರೆ ಒಂದು ಗಂಟೆ ಯಾರ ಹತ್ತಿರವೂ ಮಾತಿಲ್ಲ. ಅವಳದ್ದೇ ಆದ ಒಂದು ಡ್ರಾಯರ್ ಇತ್ತು. ಅದಕ್ಕೆ ಬೀಗ. ಕೀಲಿ ಎಲ್ಲಿದೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ. ಸಹನೆಯ ಮೂರ್ತಿ ಅಂತ ನಾನು ಬರೆದ ಆ ಹೆಂಗಸಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವಳ ಪ್ರೀತಿ ನಮಗೆ ಬೆಲೆಬಾಳುವಂತೆ ಕಂಡದ್ದು ಅಂಥ ಕೋಪದವಳು ನಮ್ಮ ವಿಷಯದಲ್ಲಿ ತಡೆದುಕೊಳ್ಳುತ್ತಿದ್ದಳು ಅನ್ನೋದಕ್ಕೇ ಅಲ್ವಾ? ಕೋಪವನ್ನು ಅಳಿಸಿಹಾಕಿದರೆ ಆ ತಡೆದುಕೊಂಡದ್ದೂ ಅಳಿಸಿಹೋಗುತ್ತದೆ.

ಇನ್ನೊಂದು ವಿಷಯ ನನ್ನ ಗಮನಕ್ಕೆ ಬಂತು. ನಾನು ಬರೆದದ್ದೆಲ್ಲ ಅವಳ ಕೊನೆಯ ಹತ್ತು ಹದಿನೈದು ವರ್ಷಗಳ ಅಮ್ಮ. ಬಿಳಿ ಕೂದಲು, ಕಿಟಕಿ ಪಕ್ಕದ ಕುರ್ಚಿ, ಮಾತ್ರೆಗಳ ಡಬ್ಬಿ. ಬಹಳ ಕಾಲ ಬದುಕಿದವರಿಗೆ ಹೀಗೊಂದು ಅನ್ಯಾಯ ಆಗುತ್ತದೆ. ಕೊನೆಯ ಚಿತ್ರ ಹಿಂದಿನ ಎಲ್ಲ ಚಿತ್ರಗಳ ಮೇಲೆ ಕೂತುಬಿಡುತ್ತದೆ. ಚಿಕ್ಕ ವಯಸ್ಸಿನಲ್ಲಿ ಹೋದವರನ್ನು ಅವರ ಹರೆಯದ ಮುಖದಲ್ಲಿ ನೆನೆಯುತ್ತೇವೆ. 91ಕ್ಕೆ ಹೋದವರನ್ನು ಹುಟ್ಟಿದಾಗಿನಿಂದಲೂ ಮುದುಕಿಯಾಗಿದ್ದರೇನೋ ಅನ್ನುವಂತೆ ನೆನೆಯುತ್ತೇವೆ.

ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಅಮ್ಮ 31 ವರ್ಷ ಅಜ್ಜಿಯಾಗಿದ್ದಳು. ನನ್ನ ಅಮ್ಮನಾಗಿ 58 ವರ್ಷ. ಹಾಗಾದರೆ ನಾನು ಹುಟ್ಟುವ ಮುಂಚೆ 33 ವರ್ಷ ಅವಳು ಯಾರೋ ಆಗಿದ್ದಳು. ಆ 33 ವರ್ಷಗಳ ಬಗ್ಗೆ ನನಗೆ ಗೊತ್ತಿದ್ದದ್ದು ಹತ್ತು ವಾಕ್ಯಗಳಿಗೆ ಮುಗಿಯಿತು.

ಸಂಕಟದ ವಿಷಯ ಏನಪ್ಪಾ ಅಂದರೆ, ಅವಳು ಹೇಳಬೇಕು ಅಂತಿದ್ದದ್ದು ಆ ವರ್ಷಗಳ ಕತೆಯನ್ನೇ. ನೆನಪಿನ ಬಗ್ಗೆ ಅಧ್ಯಯನ ಮಾಡುವವರು ಒಂದು ಮಾತನ್ನು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ. ವಯಸ್ಸಾದವರನ್ನು ನಿಮ್ಮ ಬದುಕಿನ ನೆನಪು ಹೇಳಿ ಅಂದರೆ, ಅವರು ಹೇಳುವುದರಲ್ಲಿ ಜಾಸ್ತಿ ಭಾಗ ಸುಮಾರು 10ರಿಂದ 30 ವರ್ಷದೊಳಗಿನದ್ದು. ಮೊದಲ ಸಲ ಆದದ್ದೆಲ್ಲ ಆ ವಯಸ್ಸಿನದ್ದೇ. ಮೊದಲ ಗೆಳತಿ, ಮೊದಲ ಸಂಬಳ, ಮೊದಲ ಮಗು. ನಾನು ಯಾರು ಅನ್ನೋದು ಒಬ್ಬರಿಗೆ ಗಟ್ಟಿಯಾಗುವುದೂ ಆಗಲೇ. ಅಂದರೆ ನಾವು ನೋಡದೇ ಇದ್ದ ವರ್ಷಗಳಲ್ಲೇ ಅವಳ ಮನಸ್ಸು ಜಾಸ್ತಿ ಓಡಾಡುತ್ತಿತ್ತು.

ಅಮ್ಮ ಒಂದು ಸೈಕಲ್ ಕತೆ ಹೇಳುತ್ತಿದ್ದಳು. ಅವಳಿಗೆ 14 ವರ್ಷ. ಅಣ್ಣನ ಸೈಕಲ್ಲನ್ನು ಕತ್ತಲಾದ ಮೇಲೆ ಕದ್ದು ತಂದು ಶಾಲೆಯ ಬಯಲಿನಲ್ಲಿ ಕಲಿತದ್ದು. ಬಿದ್ದು ಮಣಿಕಟ್ಟಿನ ಮೇಲೆ ಗಾಯವಾದದ್ದು. ಆ ಗಾಯದ ಗುರುತು ಕೊನೆಯವರೆಗೂ ಇತ್ತು. ಈ ಕತೆಯನ್ನು ನಾನು ನೂರು ಸಲ ಕೇಳಿರಬೇಕು. ಶುರು ಮಾಡಿದ ಕೂಡಲೇ, "ಆಯ್ತಮ್ಮ, ಹೇಳಿದ್ದೀಯ" ಅನ್ನುತ್ತಿದ್ದೆ. ಅವಳು ನಿಲ್ಲಿಸುತ್ತಿದ್ದಳು. ಈಗ ಬರೆಯಬೇಕು ಅಂತ ಕೂತಾಗ ಒಂದು ಸಣ್ಣ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಕಲಿಯುವವರ ಸೀಟನ್ನು ಹಿಂದಿನಿಂದ ಯಾರಾದರೂ ಹಿಡಿದುಕೊಂಡು ಓಡಬೇಕಲ್ಲ, ಅಮ್ಮನ ಸೀಟನ್ನು ಹಿಡಿದವರು ಯಾರು? ನೂರು ಸಲವೂ ಅರ್ಧಕ್ಕೇ ನಿಲ್ಲಿಸಿದ್ದರಿಂದ ಆ ಭಾಗ ನನಗೆ ಬಂದೇ ಇರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ.

ಹಳೆಯದನ್ನು ಮತ್ತೆ ಮತ್ತೆ ಹೇಳುವುದು ಅರಳುಮರಳಿನ ಲಕ್ಷಣ ಅಂತ ವೈದ್ಯರೂ ನಂಬಿದ್ದ ಕಾಲವಿತ್ತು. ಅದನ್ನು ಪ್ರಶ್ನಿಸಿದವರು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್. 1963ರಲ್ಲಿ ಅವರು ಬರೆದ ಲೇಖನದ ಸಾರ ಇಷ್ಟೇ: ಸಾವು ಹತ್ತಿರ ಬರುತ್ತಿದೆ ಅಂತ ತಿಳಿದ ಮನಸ್ಸು ತನ್ನ ಬದುಕನ್ನು ಹಿಂದಿರುಗಿ ನೋಡುತ್ತದೆ, ಉಳಿದ ಗಂಟುಗಳನ್ನು ಬಿಡಿಸಿಕೊಳ್ಳಲು ನೋಡುತ್ತದೆ. ಅದು ಕಾಯಿಲೆ ಅಲ್ಲ, ಆ ವಯಸ್ಸಿನ ಸಹಜ ಕೆಲಸ. ವಯಸ್ಸಾದವರನ್ನು ವಯಸ್ಸಿನ ಕಾರಣಕ್ಕೇ ಕೀಳಾಗಿ ಕಾಣುವುದಕ್ಕೆ ಇಂಗ್ಲಿಷಿನಲ್ಲಿ 'ಏಜಿಸಂ' ಅನ್ನೋ ಪದ ತಂದವರೂ ಅವರೇ, 1969ರಲ್ಲಿ. ಬಟ್ಲರ್ ಅವರನ್ನು ಬೆಳೆಸಿದ್ದು ತಾಯಿಯ ಅಪ್ಪ ಅಮ್ಮ. ಏಳು ವರ್ಷದವರಿದ್ದಾಗ ಅಜ್ಜ ತೀರಿಕೊಂಡರು. ಆಮೇಲೆ ಬಡತನದ ವರ್ಷಗಳನ್ನು ದಾಟಿಸಿದ್ದು ಅಜ್ಜಿ. ಇದು ತಿಳಿದ ಮೇಲೆ ಆ ಲೇಖನ ನನಗೆ ಬೇರೆ ಥರ ಕಾಣಿಸಿತು. ಅಜ್ಜಿಯ ಮಾತನ್ನು ಕೂತು ಕೇಳಿದ ಹುಡುಗನೇ ಮುಂದೆ ವೈದ್ಯರಿಗೆ, ಇವರ ಮಾತು ಕೇಳಿ ಅಂತ ಹೇಳಿದ್ದು.

ಈಗ ಆ ಡ್ರಾಯರಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. ಹೇಳಬಹುದು ಅಂತ ಅಕ್ಕ ಅಂದಳು.

ಕೀಲಿ ಸಿಕ್ಕಿದ್ದು ಅವಳ ಹೊಲಿಗೆ ಡಬ್ಬಿಯಲ್ಲಿ, ಗುಂಡಿಗಳ ನಡುವೆ. ಡ್ರಾಯರಿನಲ್ಲಿ ಹಣವಿರಲಿಲ್ಲ, ಒಡವೆ ಇರಲಿಲ್ಲ. ನಮ್ಮ ಹಳೆಯ ಅಂಕಪಟ್ಟಿಗಳು, ಅಪ್ಪನ ಎರಡು ಕಾಗದ, ಒಂದು ಮಗುವಿನ ಅಂಗಿ. ಅಂಗೈ ಅಗಲದ ಅಂಗಿ. ಅದು ನನ್ನದಲ್ಲ, ಅಕ್ಕನದ್ದೂ ಅಲ್ಲ. ಚಿಕ್ಕಮ್ಮನನ್ನು ಕೇಳಿದೆವು. ಅಕ್ಕನಿಗಿಂತ ಮುಂಚೆ ಒಂದು ಗಂಡು ಮಗು ಇತ್ತು, ಹನ್ನೊಂದು ತಿಂಗಳಿಗೆ ಜ್ವರದಲ್ಲಿ ಹೋಯಿತು ಅಂದರು. ಅಮ್ಮನಿಗೆ ಆಗ 24 ವರ್ಷ. ಆಮೇಲೆ 67 ವರ್ಷ ಆ ಅಂಗಿ ಅವಳ ಹತ್ತಿರ ಇತ್ತು. ನಮಗೆ ಒಂದು ದಿನವೂ ಹೇಳಲಿಲ್ಲ. ನನಗೆ ಸ್ವಲ್ಪ ಜ್ವರ ಬಂದರೂ ಅವಳು ರಾತ್ರಿಯಿಡೀ ಕೂತಿರುತ್ತಿದ್ದಳು. "ಇಷ್ಟಕ್ಕೆಲ್ಲ ಯಾಕಮ್ಮ ಹೆದರ್ತೀಯ" ಅಂತ ನಾನು ರೇಗುತ್ತಿದ್ದೆ.

ಉದ್ದದ ಬದುಕು ಅಂದರೆ ಉದ್ದದ ಸಂತೋಷ ಅಂತಷ್ಟೇ ಅಂದುಕೊಳ್ಳುತ್ತೇವೆ. ಎಷ್ಟು ಜಾಸ್ತಿ ಬದುಕುತ್ತೇವೋ ಅಷ್ಟು ಜನರನ್ನು ಕಳಿಸಿಕೊಡಬೇಕು. ದಾಖಲೆಯಲ್ಲಿ ಎಲ್ಲರಿಗಿಂತ ಜಾಸ್ತಿ ಬದುಕಿದ ವ್ಯಕ್ತಿ ಫ್ರಾನ್ಸಿನ ಜಾನ್ ಕಾಲ್ಮಾಂ. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು. 122 ವರ್ಷ 164 ದಿನ. ಆ ಸಂಖ್ಯೆಯನ್ನು ಎಲ್ಲರೂ ಬೆರಗಿನಿಂದ ಹೇಳುತ್ತಾರೆ. ಅವರಿಗೆ ಇದ್ದದ್ದು ಒಬ್ಬಳೇ ಮಗಳು, ಅವಳು 1934ರಲ್ಲಿ ಹೋದಳು. ಇದ್ದದ್ದು ಒಬ್ಬನೇ ಮೊಮ್ಮಗ, ಅವನು 1963ರಲ್ಲಿ ಹೋದ. ಮಗಳೂ ಮೊಮ್ಮಗನೂ ಇಲ್ಲದೆ ಆ ತಾಯಿ ಇನ್ನೂ 34 ವರ್ಷ ಬದುಕಿದರು. ಯಾರಾದರೂ ವಯಸ್ಸಾದ ತಾಯಿಯ ವರ್ಷಗಳನ್ನು ಎಣಿಸುವಾಗ, ಆಕೆ ಯಾರನ್ನೆಲ್ಲ ಕಳೆದುಕೊಂಡು ಆ ವರ್ಷಗಳನ್ನು ದಾಟಿದರು ಅಂತಲೂ ಎಣಿಸಿ ಅಂತ ಕೇಳಿಕೊಳ್ಳುತ್ತೇನೆ.

ಆ ಅಂಗಿಯನ್ನು ಕಂಡ ಮೇಲೆ ನಾನು ಓದಿದ ಒಂದು ಸಂಗತಿ ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಬಸಿರಿನ ಕಾಲದಲ್ಲಿ ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತಕ್ಕೆ ದಾಟುತ್ತವೆ. ಹೆರಿಗೆಯಾದ ಮೇಲೆ ಎಲ್ಲವೂ ಹೋಗಿಬಿಡುವುದಿಲ್ಲ. 1996ರಲ್ಲಿ ಅಮೆರಿಕದ ತಳಿವೈದ್ಯೆ ಡಯಾನಾ ಬಿಯಾಂಕಿ ಮತ್ತು ಅವರ ಜೊತೆಗಾರರು ಗಂಡು ಮಗು ಹೆತ್ತ ತಾಯಂದಿರ ರಕ್ತ ಪರೀಕ್ಷಿಸಿದರು. ಒಬ್ಬ ತಾಯಿಯ ರಕ್ತದಲ್ಲಿ, ಮಗ ಹುಟ್ಟಿ 27 ವರ್ಷ ಆದ ಮೇಲೂ ಗಂಡು ಜೀವಕೋಶಗಳು ಸಿಕ್ಕವು. ಹೆತ್ತ ಕರುಳು ಅಂತ ನಾವು ಸುಮ್ನೆ ಹೇಳುವುದಿಲ್ಲ. ಹನ್ನೊಂದು ತಿಂಗಳಿಗೆ ಹೋದ ಆ ನನ್ನ ಅಣ್ಣ ಡ್ರಾಯರಿನಲ್ಲಿ ಮಾತ್ರ ಉಳಿದಿರಲಿಲ್ಲವೇನೋ. ನನ್ನನ್ನು ಹೊತ್ತಾಗಲೂ, ನನ್ನ ಮಗಳನ್ನು ಎತ್ತಿಕೊಂಡಾಗಲೂ ಅಮ್ಮನ ಮೈಯೊಳಗೆ ಅವನ ಒಂದು ಚೂರು ಇದ್ದಿರಬಹುದು.

ಇನ್ನು ಅಜ್ಜಿಯ ಬಗ್ಗೆ. ಇದರ ಬಗ್ಗೆ ನನಗೆ ಹೇಳುವುದು ತುಂಬಾ ಇದೆ. ಯಾಕಂದರೆ ಅಜ್ಜಿತನವನ್ನು ನಾವು ಉಳಿದುಹೋದ ವಯಸ್ಸು ಅಂತ ನೋಡುತ್ತೇವೆ. ಕೆಲಸ ಮುಗಿಯಿತು, ಮಕ್ಕಳು ದಡ ಸೇರಿದರು, ಇನ್ನು ಮೊಮ್ಮಕ್ಕಳ ಜೊತೆ ಕಾಲ ಕಳೆಯುವುದು ಅಂತ. ಹಾಗಲ್ಲ.

ಪ್ರಾಣಿಗಳಲ್ಲಿ ಹೆಚ್ಚಿನವು ಸಾಯುವ ಹೊತ್ತಿನವರೆಗೂ ಮರಿ ಹಾಕಬಲ್ಲವು. ಮನುಷ್ಯ ಹೆಂಗಸು ಸುಮಾರು 50ಕ್ಕೆ ಹೆರುವ ಶಕ್ತಿ ಕಳೆದುಕೊಂಡು, ಆಮೇಲೂ ದಶಕಗಟ್ಟಲೆ ಗಟ್ಟಿಯಾಗಿ ಬದುಕುತ್ತಾಳೆ. ಯಾಕೆ? 1957ರಲ್ಲಿ ಜಾರ್ಜ್ ವಿಲಿಯಮ್ಸ್ ಅನ್ನೋ ಜೀವವಿಜ್ಞಾನಿ ಒಂದು ಉತ್ತರ ಮುಂದಿಟ್ಟರು. ವಯಸ್ಸಾದ ಮೇಲೆ ಇನ್ನೊಂದು ಮಗು ಹೆತ್ತು ಅಪಾಯಕ್ಕೆ ಸಿಕ್ಕುವುದಕ್ಕಿಂತ, ಇರುವ ಮಕ್ಕಳನ್ನು ದಡ ಮುಟ್ಟಿಸುವುದೇ ಹೆಚ್ಚು ಫಲ ಕೊಡುತ್ತದೆ ಅಂತ. ಆಮೇಲೆ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಮತ್ತು ಅವರ ಜೊತೆಗಾರರು ಟಾಂಜಾನಿಯದ ಹಾಡ್ಜಾ ಜನರ ನಡುವೆ ಇದ್ದು ನೋಡಿದರು. ಹಾಡ್ಜಾ ಜನ ಬೇಟೆಯಾಡಿ, ಕಾಡಿನಲ್ಲಿ ಆರಿಸಿ, ಅಗೆದು ತಿನ್ನುವವರು. ಅಲ್ಲಿ ಗಟ್ಟಿ ನೆಲ ಅಗೆದು ಗೆಡ್ಡೆ ತೆಗೆಯುವುದರಲ್ಲಿ ಮುದುಕಿಯರು ಹರೆಯದವರಿಗೆ ಕಡಿಮೆ ಇರಲಿಲ್ಲ. ಎಷ್ಟೋ ದಿನ ಜಾಸ್ತಿ ಹೊತ್ತೇ ದುಡಿಯುತ್ತಿದ್ದರು. ಮಗುವಿನ ತೂಕ ಏರುವುದು ತಾಯಿ ಎಷ್ಟು ಆಹಾರ ತರುತ್ತಾಳೆ ಅನ್ನೋದರ ಮೇಲೆ ಇರುತ್ತಿತ್ತು. ಆದರೆ ತಾಯಿಗೆ ಹೊಸ ಮಗು ಹುಟ್ಟಿದ ಕೂಡಲೇ ಲೆಕ್ಕ ಬದಲಾಗುತ್ತಿತ್ತು. ಹಾಲು ಬಿಟ್ಟ ದೊಡ್ಡ ಮಗುವಿನ ತೂಕ ಆಗ ಅಜ್ಜಿಯ ದುಡಿಮೆಯ ಮೇಲೆ ನಿಲ್ಲುತ್ತಿತ್ತು. ಅಜ್ಜಿಯರು ಹೀಗೆ ದುಡಿದದ್ದರಿಂದಲೇ ಮನುಷ್ಯರ ಆಯಸ್ಸು ಉದ್ದವಾಯಿತು ಅನ್ನೋದು ಅವರ ವಾದ. 1998ರಲ್ಲಿ ಅವರು ಅದನ್ನು ಮಂಡಿಸಿದಾಗ ದೊಡ್ಡ ಚರ್ಚೆಯೇ ಆಯಿತು. ಚರ್ಚೆ ಈಗಲೂ ಮುಗಿದಿಲ್ಲ.

2004ರಲ್ಲಿ ಫಿನ್‌ಲೆಂಡ್ ಮತ್ತು ಕೆನಡಾದ ಚರ್ಚುಗಳ ಹಳೆಯ ಹುಟ್ಟು ಸಾವಿನ ದಾಖಲೆಗಳನ್ನು ಕೂತು ಓದಿದವರು ಇನ್ನೊಂದು ಸಂಗತಿ ಕಂಡರು. ಆ ಕಾಲದಲ್ಲಿ ಹೆಂಗಸೊಬ್ಬಳು 50 ದಾಟಿ ಬದುಕಿದ ಪ್ರತಿ ಹತ್ತು ವರ್ಷಕ್ಕೆ ಎರಡು ಮೊಮ್ಮಕ್ಕಳು ಜಾಸ್ತಿ. ಅಜ್ಜಿ ಇದ್ದ ಮನೆಯಲ್ಲಿ ಮಕ್ಕಳು ಬದುಕಿ ಉಳಿಯುತ್ತಿದ್ದರು. ಓರ್ಕಾ ತಿಮಿಂಗಿಲಗಳಲ್ಲೂ ಹೀಗೇ ಇದೆ. ಹೆಣ್ಣು ಓರ್ಕಾ ಸುಮಾರು 40ರ ಹೊತ್ತಿಗೆ ಮರಿ ಹಾಕುವುದನ್ನು ನಿಲ್ಲಿಸಿ, ಆಮೇಲೂ ಬಹಳ ಕಾಲ ಬದುಕಬಲ್ಲದು. ಮೀನು ಕಡಿಮೆಯಾದ ವರ್ಷಗಳಲ್ಲಿ ಗುಂಪಿನ ಮುಂದೆ ಈಜುವುದು ಈ ಹಿರಿಯ ಹೆಣ್ಣುಗಳೇ. ಎಲ್ಲಿ ಆಹಾರ ಸಿಗುತ್ತದೆ ಅಂತ ಅವಕ್ಕೆ ನೆನಪಿರುತ್ತದೆ. ಅಂಥ ಅಜ್ಜಿ ಸತ್ತ ಮುಂದಿನ ಎರಡು ವರ್ಷಗಳಲ್ಲಿ ಮೊಮ್ಮರಿಗಳು ಸಾಯುವ ಅಪಾಯ ಹೆಚ್ಚಾಗುತ್ತದೆ ಅಂತ 2019ರ ಒಂದು ಅಧ್ಯಯನ ತೋರಿಸಿದೆ.

ಇದನ್ನೆಲ್ಲ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು 64 ವರ್ಷದ ಅಮ್ಮ. ನನ್ನ ಮಗಳು ಹುಟ್ಟಿದ ಮೊದಲ ನಾಲ್ಕು ತಿಂಗಳು ಅವಳು ಒಂದು ರಾತ್ರಿಯೂ ಪೂರ್ತಿ ಮಲಗಲಿಲ್ಲ. "ನೀವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು, ಮಲಗಿ" ಅಂತ ಮಗುವನ್ನು ಎತ್ತಿಕೊಂಡು ಆಚೆ ಕೋಣೆಗೆ ಹೋಗುತ್ತಿದ್ದಳು. ನಿದ್ದೆ ಕೆಡಿಸಿದರೆ ಒಂದು ಗಂಟೆ ಮಾತು ಬಿಡುತ್ತಿದ್ದ ಹೆಂಗಸು ಇವಳೇ.

ನನ್ನ ಹೆಂಡತಿ ಒಂದು ಮಾತು ಹೇಳಿದಳು. ಅದು ನನ್ನನ್ನು ಹಿಡಿದು ನಿಲ್ಲಿಸಿತು. ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳು ರೂಪುಗೊಳ್ಳುತ್ತವೆ. ಐದು ತಿಂಗಳ ಹೊತ್ತಿಗೆ 60ರಿಂದ 70 ಲಕ್ಷ ಇರುತ್ತವೆ, ಆಮೇಲೆ ಕಡಿಮೆಯಾಗುತ್ತಾ ಹೋಗುತ್ತವೆ. ಅಂದರೆ ನಾನು ಯಾವ ಅಂಡಾಣುವಿನಿಂದ ಹುಟ್ಟಿದೆನೋ, ಅದು ರೂಪುಗೊಂಡದ್ದು ಅಮ್ಮ ಅವಳ ಅಮ್ಮನ ಹೊಟ್ಟೆಯಲ್ಲಿದ್ದಾಗ. ನೀವೂ ಅಷ್ಟೇ. ನಿಮ್ಮ ಅಮ್ಮನ ಅಮ್ಮ ನಿಮ್ಮ ಒಂದು ಭಾಗವನ್ನೂ ಹೊತ್ತು ನಡೆದಿದ್ದಾರೆ.

ಅಜ್ಜಿಯ ಪ್ರೀತಿ ಅಂದರೆ ಮೆತ್ತಗಿನದ್ದು ಅಂತ ಅಂದುಕೊಂಡಿರುತ್ತೇವಲ್ಲ, ಅದಕ್ಕೆ ಅರ್ಜೆಂಟೀನಾದ ಅಜ್ಜಿಯರನ್ನು ನೆನೆಯಬೇಕು. 1976ರಲ್ಲಿ ಅಲ್ಲಿ ಸೈನ್ಯ ಆಡಳಿತ ಹಿಡಿಯಿತು. ಬಸುರಿಯರನ್ನೂ ಹಿಡಿದುಕೊಂಡು ಹೋದರು. ಸೆರೆಯಲ್ಲೇ ಹೆರಿಗೆಯಾಗುತ್ತಿತ್ತು, ಮಗುವನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರು, ತಾಯಿ ಮತ್ತೆ ಕಾಣಿಸುತ್ತಿರಲಿಲ್ಲ. ಹೀಗೆ ಕಳೆದುಹೋದ ಮಕ್ಕಳು ಸುಮಾರು 500 ಅಂತ ಅಂದಾಜು. 1977ರಲ್ಲಿ ಆ ಮಕ್ಕಳ ಅಜ್ಜಿಯರು ಒಟ್ಟಾದರು. ಮೊಮ್ಮಕ್ಕಳನ್ನು ಹುಡುಕಲು ಹೊರಟರು. ಆದರೆ ಇದು ನನ್ನ ಮೊಮ್ಮಗು ಅಂತ ಸಾಬೀತು ಮಾಡುವುದು ಹೇಗೆ? ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಜ್ಜಿಯರು ದೇಶದೇಶದ ವಿಜ್ಞಾನಿಗಳ ಬಾಗಿಲು ತಟ್ಟಿ ಕೇಳಿದರು, ನಮ್ಮ ರಕ್ತದಿಂದ ಗೊತ್ತಾಗುತ್ತದೆಯೇ ಅಂತ. 1984ರಲ್ಲಿ ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅವರ ಜೊತೆ ಕೆಲಸ ಶುರು ಮಾಡಿದರು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಡಿಎನ್‌ಎ ಅವರ ನೆರವಿಗೆ ಬಂತು. ಅಮ್ಮನ ಅಮ್ಮನಲ್ಲಿ ಇರುವುದೇ ಮೊಮ್ಮಗುವಿನಲ್ಲೂ ಇರುತ್ತದೆ. ನಡುವಿನ ತಲೆಮಾರನ್ನೇ ಕೊಂದು ಹಾಕಿದ್ದರೂ ಅಜ್ಜಿಯ ಮೈಯಲ್ಲಿ ಗುರುತು ಉಳಿದಿತ್ತು. ಇವತ್ತಿನವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳ ಗುರುತು ಸಿಕ್ಕಿದೆ. ಈ ಸಂಘಟನೆಯನ್ನು ಮುನ್ನಡೆಸಿದ ಎಸ್ತೆಲಾ ದೆ ಕಾರ್ಲೊಟ್ಟೊ ಅವರಿಗೆ ಅವರ ಸ್ವಂತ ಮೊಮ್ಮಗ ಸಿಕ್ಕಿದ್ದು 2014ರಲ್ಲಿ. 36 ವರ್ಷ ಹುಡುಕಿದ್ದರು. ಆಗ ಅವರಿಗೆ 83. ಮೊಮ್ಮಗನನ್ನು ಕಾಣಲಿಕ್ಕಾಗಿಯೇ ಅಷ್ಟು ಕಾಲ ಬದುಕಿದರೇನೋ ಅಂತ ನನಗೆ ಅನಿಸುತ್ತದೆ.

ನನ್ನ ಹಳೆಯ ಪುಟದಲ್ಲಿ ಇನ್ನೊಂದು ತಪ್ಪು ಇತ್ತು. 'ಅಮ್ಮ ಕೆಲಸಕ್ಕೆ ಹೋಗಲಿಲ್ಲ, ಮನೆಯಲ್ಲೇ ಇದ್ದಳು' ಅಂತ ಬರೆದಿದ್ದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಕೊಟ್ಟ ವರದಿಯ ಪ್ರಕಾರ, ಲೋಕದಲ್ಲಿ ಸಂಬಳವಿಲ್ಲದೆ ಮಾಡುವ ಆರೈಕೆ ಮತ್ತು ಮನೆಗೆಲಸದ ಹೊತ್ತಿನಲ್ಲಿ ಶೇಕಡಾ 76.2ರಷ್ಟು ಹೆಂಗಸರದ್ದು. ಅಮ್ಮ ಎಷ್ಟು ಹೊತ್ತಿಗೆ ಏಳುತ್ತಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ, ಯಾಕಂದರೆ ನಾನು ಎದ್ದಾಗ ಅವಳು ಯಾವಾಗಲೂ ಎದ್ದೇ ಇರುತ್ತಿದ್ದಳು. ಆ ವಾಕ್ಯವನ್ನು ಬರೆದದ್ದಕ್ಕೆ ನನಗೆ ಈಗಲೂ ಬೇಜಾರಿದೆ.

ಕೊನೆಯ ಎರಡು ವರ್ಷ ಅಮ್ಮನಿಗೆ ಮರೆವು ಬಂತು. ನನ್ನ ಹೆಸರು ಹೋಯಿತು. ಅಕ್ಕನನ್ನು ತನ್ನ ತಂಗಿ ಅಂದುಕೊಂಡಳು. ಶುರುವಿನಲ್ಲಿ ನಾನು ತಿದ್ದುತ್ತಿದ್ದೆ. "ಅಲ್ಲಮ್ಮ, ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು." ಪ್ರತಿ ಸಲವೂ ಅವಳ ಮುಖ ಆಗಷ್ಟೇ ಸುದ್ದಿ ಕೇಳಿದಂತೆ ಆಗುತ್ತಿತ್ತು. ತಿದ್ದಬೇಡಿ ಅಂತ ನಮಗೆ ಹೇಳಿಕೊಟ್ಟದ್ದು ಅವಳನ್ನು ನೋಡಿಕೊಳ್ಳಲು ಬರುತ್ತಿದ್ದ ಹುಡುಗಿ. ಅಪ್ಪ ಎಲ್ಲಿ ಅಂತ ಅಮ್ಮ ಕೇಳಿದರೆ, "ಅವರ ಬಗ್ಗೆ ಹೇಳಿ ಅಮ್ಮ, ಹೇಗಿದ್ರು?" ಅಂತ ಆ ಹುಡುಗಿ ಕೇಳುತ್ತಿದ್ದಳು. ಅಮ್ಮ ಖುಷಿಯಿಂದ ಹೇಳುತ್ತಿದ್ದಳು.

ಆದರೆ ಅವಳ ಕೈ ಏನನ್ನೂ ಮರೆತಿರಲಿಲ್ಲ. ಬಟ್ಟೆ ಕೊಟ್ಟರೆ ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದಳು. ಸೂಜಿಗೆ ದಾರ ಪೋಣಿಸುತ್ತಿದ್ದಳು. ಸಂಗತಿಗಳ ನೆನಪು ಬೇರೆ, ಕೈಯ ನೆನಪು ಬೇರೆ. ಹೆನ್ರಿ ಮೊಲೈಸನ್ ಅನ್ನೋ ಅಮೆರಿಕನ್‌ಗೆ 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಆದ ಮೇಲೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬರೆಯುವ ಕೆಲಸವನ್ನು ಬ್ರೆಂಡಾ ಮಿಲ್ನರ್ ಅನ್ನೋ ಮನೋವಿಜ್ಞಾನಿ ಮೊಲೈಸನ್‌ಗೆ ಕೊಟ್ಟು ನೋಡಿದರು. ಹಿಂದಿನ ದಿನ ಅದನ್ನು ಬರೆದದ್ದೇ ಅವರಿಗೆ ಗೊತ್ತಿರುತ್ತಿರಲಿಲ್ಲ. ಆದರೂ ಕೈ ದಿನದಿಂದ ದಿನಕ್ಕೆ ಪಳಗುತ್ತಿತ್ತು. ಅಮ್ಮನ ಮರೆವಿನ ಕಾಯಿಲೆ ಬೇರೆ, ಮೊಲೈಸನ್ ಅವರ ಸ್ಥಿತಿ ಬೇರೆ, ಅದು ನನಗೆ ಗೊತ್ತು. ಆದರೂ ಅವರ ಬಗ್ಗೆ ಓದಿದ ಮೇಲೆ ನಾನು ಅಮ್ಮನನ್ನು ಮಾತಿನಲ್ಲಿ ಹುಡುಕುವುದನ್ನು ಬಿಟ್ಟೆ. ಅವಳ ಪಕ್ಕದಲ್ಲಿ ಕೂತು ಬಟ್ಟೆ ಮಡಚತೊಡಗಿದೆ. ನಮ್ಮಿಬ್ಬರ ಅತಿ ನೆಮ್ಮದಿಯ ಮಧ್ಯಾಹ್ನಗಳು ಅವೇ.

ನಿಮ್ಮಲ್ಲಿ ಹಲವರ ಅಮ್ಮಂದಿರು, ಅಜ್ಜಿಯರು ಇನ್ನೂ ಇದ್ದಾರೆ. ಅವರಿಗಾಗಿ ಕೆಲವು ಮಾತು.

'ನಿಮ್ಮ ಬದುಕಿನ ಬಗ್ಗೆ ಹೇಳಿ' ಅಂತ ಕೇಳಬೇಡಿ. ಯಾರಿಗೂ ಬಾಯಿ ಬರುವುದಿಲ್ಲ. ಒಂದು ವಸ್ತುವನ್ನು ಕೈಗೆ ಕೊಡಿ. ಹಳೆಯ ಫೋಟೋ, ಕನ್ನಡಕದ ಡಬ್ಬಿ, ಹೊಲಿದ ಬಟ್ಟೆ. ಇದು ಎಲ್ಲಿಂದ ಬಂತು ಅಂತ ಕೇಳಿ. ಆಗ ಮನೆಯಲ್ಲಿ ಯಾರ್ಯಾರು ಮಲಗುತ್ತಿದ್ದಿರಿ, ಯಾವ ಕೋಣೆಯಲ್ಲಿ ಅಂತ ಕೇಳಿ. ನಿಮಗೆ ಯಾರನ್ನು ಕಂಡರೆ ಭಯ ಇತ್ತು ಅಂತ ಕೇಳಿ. ಮಕ್ಕಳಾಗುವ ಮುಂಚೆ ಏನಾಗಬೇಕು ಅಂತ ಆಸೆ ಇತ್ತು ಅಂತ ಕೇಳಿ. ಫೋಟೋ ಹಿಂದೆ ಹೆಸರು ಮತ್ತು ವರ್ಷ ಅವರ ಕೈಯಲ್ಲೇ ಬರೆಸಿ. ಅಕ್ಷರವೂ ಉಳಿಯುತ್ತದೆ. ನಮ್ಮ ಮನೆಯ ಒಂದು ಫೋಟೋದಲ್ಲಿ ಅಮ್ಮನ ಹೆಗಲ ಮೇಲೆ ಕೈ ಹಾಕಿ ನಗುತ್ತಿರುವ ಹುಡುಗಿ ಯಾರು ಅಂತ ಹೇಳುವವರು ಈಗ ಯಾರೂ ಇಲ್ಲ.

ದನಿಯನ್ನು ಹಿಡಿದಿಡಿ. ಹುಟ್ಟಿ ಮೂರು ದಿನವೂ ಆಗದ ಕೂಸುಗಳು ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತವೆ ಅಂತ ಡಿಕ್ಯಾಸ್ಪರ್ ಮತ್ತು ಫೈಫರ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು 1980ರಲ್ಲಿ ತೋರಿಸಿದರು. ಕೂಸು ಚೀಪುವ ಲಯವನ್ನು ಬದಲಿಸಿಕೊಂಡು ಅಮ್ಮನ ದನಿಯನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿತ್ತು. ಲೋಕದಲ್ಲಿ ನಾವು ಮೊದಲು ಗುರುತು ಹಿಡಿದದ್ದರಲ್ಲಿ ಅಮ್ಮನ ದನಿಯೂ ಒಂದು. ಹೋದವರ ಮುಖಕ್ಕೆ ಫೋಟೋ ಇರುತ್ತದೆ. ದನಿಯನ್ನು ಮಾತ್ರ ಯಾರೂ ತೆಗೆದಿಟ್ಟಿರುವುದಿಲ್ಲ.

ಹೋದ ಮೇಲೆ ಬರೆಯುವುದಾದರೆ ಬೇಗ ಬರೆಯಿರಿ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ್ದು ಇದನ್ನೇ: ಮರೆವು ಮೊದಲಲ್ಲೇ ಜಾಸ್ತಿ, ಆಮೇಲೆ ನಿಧಾನ. ಅಮ್ಮ ಹೋದದ್ದನ್ನು ಯಾರೂ ಮರೆಯುವುದಿಲ್ಲ. ಆದರೆ ಫೋನ್ ಎತ್ತಿದಾಗ ಅವಳು ಮೊದಲು ಆಡುತ್ತಿದ್ದ ಮಾತು ಯಾವುದು? ಅಂಥವು ಜಾರಿಹೋಗುತ್ತವೆ.

ಒಬ್ಬರೇ ಬರೆಯಬೇಡಿ. ಅಕ್ಕನೂ ನಾನೂ ಬೇರೆ ಬೇರೆ ಬರೆದು ಆಮೇಲೆ ಕೂಡಿಸಿ ನೋಡಿದೆವು. ಅಕ್ಕನ ಅಮ್ಮ ಬಿಗಿ, ಹೊಡೆಯುವವಳು. ನನ್ನ ಅಮ್ಮ ಹಾಗಿರಲಿಲ್ಲ. ಮೊದಲು ಜಗಳವೇ ಆಯಿತು. ಬ್ರಿಟನ್ನಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ಹೇಳಿದ್ದರು, ನೆನಪು ಅಂದರೆ ಪೆಟ್ಟಿಗೆಯಿಂದ ತೆಗೆಯುವುದಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವುದು ಅಂತ. ಅದು ನಿಜ. ಆದರೆ ನಮ್ಮ ವಿಷಯದಲ್ಲಿ ಇನ್ನೂ ಒಂದು ಇತ್ತು. ಅಕ್ಕ ಹುಟ್ಟಿದಾಗ ಅಮ್ಮ ಒಂದು ಮಗುವನ್ನು ಕಳೆದುಕೊಂಡಿದ್ದ ತಾಯಿ. ನಾನು ಹುಟ್ಟುವ ಹೊತ್ತಿಗೆ ಒಂದು ಮಗುವನ್ನು ಉಳಿಸಿಕೊಂಡಿದ್ದ ತಾಯಿ. ಎರಡೂ ನಿಜ. ಎರಡನ್ನೂ ಬರೆದೆವು.

ಮೊಮ್ಮಕ್ಕಳನ್ನೂ ಕೇಳಿ. ನಾನು ಅವರನ್ನು ಕೊನೆಗೆ ಕೇಳಿದೆ, ಮೊದಲೇ ಕೇಳಬೇಕಿತ್ತು. ಬಿಡುವಿದ್ದ ಅಮ್ಮನನ್ನು ನೋಡಿದವರು ಅವರೇ. ನಮ್ಮ ಜೊತೆ ಅವಳಿಗೆ ಯಾವಾಗಲೂ ಹೊತ್ತಿರಲಿಲ್ಲ, ಅವರ ಜೊತೆ ಇತ್ತು.

ಮಗಳಿಗೆ ಫೋನ್ ಮಾಡಿದೆ. "ಅಜ್ಜಿ ಸೈಕಲ್ ಕಲಿತ ಕತೆ ನಿನಗೆ ಹೇಳಿದ್ರಾ? ಹಿಂದೆ ಸೀಟು ಹಿಡಿದವರು ಯಾರು ಅಂತ ಗೊತ್ತಾ?"

"ಯಾರೂ ಹಿಡಿದಿರಲಿಲ್ಲಪ್ಪ" ಅಂದಳು ಮಗಳು. "ಕಾಂಪೌಂಡ್ ಗೋಡೆ ಹಿಡ್ಕೊಂಡು ಅಜ್ಜಿ ಒಬ್ರೇ ಕಲಿತಿದ್ದು. ಗೋಡೆ ಎಲ್ಲಿ ಮುಗಿಯುತ್ತೋ ಅಲ್ಲಿ ಬಿದ್ದಿದ್ದು. ಮಾರನೇ ದಿನ ಗೋಡೆ ಮುಗಿದ ಮೇಲೂ ಓಡಿಸಿದ್ರಂತೆ. ನನ್ನ ಹತ್ರ ಅವರ ದನಿಯಲ್ಲೇ ಇದೆ, ಕಳಿಸ್ತೀನಿ."

ನಾಲ್ಕು ನಿಮಿಷದ ಧ್ವನಿ. ಮಧ್ಯದಲ್ಲಿ ಎಲ್ಲೋ ಬಾಗಿಲು ತೆಗೆದ ಸದ್ದು. ಆಮೇಲೆ ನನ್ನದೇ ದನಿ, "ಮತ್ತೆ ಸೈಕಲ್ ಕತೆನಾ?" ಅಂತ. ಅಮ್ಮ ಒಂದು ಕ್ಷಣ ನಿಲ್ಲಿಸುತ್ತಾಳೆ. ಮಗಳು, "ನೀವು ಹೇಳಿ ಅಜ್ಜಿ" ಅನ್ನುತ್ತಾಳೆ. ಅಮ್ಮ ಮುಂದುವರಿಸುತ್ತಾಳೆ.

ಹೊಸ ಪುಟವನ್ನು ಅಲ್ಲಿಂದಲೇ ಶುರು ಮಾಡಿದೆ. 'ಅಮ್ಮ 14ನೇ ವಯಸ್ಸಿನಲ್ಲಿ ಒಂದು ಗೋಡೆ ಹಿಡಿದುಕೊಂಡು, ಯಾರ ಸಹಾಯವೂ ಇಲ್ಲದೆ, ಕತ್ತಲಲ್ಲಿ ಸೈಕಲ್ ಕಲಿತಳು.' ಅಂಗಿಯ ವಿಷಯ ಬರೆದೆ, ಮಗುವನ್ನು ಎತ್ತಿಕೊಂಡು ಹೋದ ರಾತ್ರಿಗಳನ್ನು ಬರೆದೆ, ಕೋಪವನ್ನೂ ಬರೆದೆ. ಪತ್ರಿಕೆಯನ್ನು ಕೊನೆಯ ಪುಟದಿಂದ ಓದುತ್ತಿದ್ದಳು ಅಂತ ಬರೆದೆ. ಒಂದು ಪುಟ ಆರು ಪುಟ ಆಯಿತು. ಅಕ್ಕನಿಗೆ ಫೋನ್ ಮಾಡಿ ಓದಿದೆ. ಓದಿ ಮುಗಿಸಿದಾಗ ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ.

ಆಮೇಲೆ ಅಕ್ಕ ಹೇಳಿದಳು, "ಮೊದಲನೇ ಪುಟಕ್ಕೆ ಬರುವಷ್ಟರಲ್ಲಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ತಿದ್ದಳು ಕಣೋ. ಅದನ್ನೂ ಸೇರಿಸು."